ಘಾಟಿಯಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆಯೇ? ಲಾರಿ ಲೈಸೆನ್ಸ್ ಮಾಡಿಸಲು ಹೊರಟವರಿಗೆ ಪರೀಕ್ಷೆಯಲ್ಲಿ ಕೇಳದ ಪಾಠಗಳು

ಶಿವಮೊಗ್ಗ, ಭದ್ರಾವತಿ ಎರಡೂ ಲಾರಿ ನಂಬಿ ಬೆಳೆದ ಊರುಗಳು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು, 1930ರ ದಶಕದಲ್ಲಿ ಕಾಗದ ಕಾರ್ಖಾನೆ ಬಂತು. ಇತ್ತ ಶಿವಮೊಗ್ಗದಲ್ಲಿ ಅಡಿಕೆ ಮಂಡಿ, ಅಕ್ಕಿ ಗಿರಣಿ, ಸುತ್ತಲಿನ ಕಲ್ಲು ಕ್ವಾರಿಗಳು. ಎರಡೂ ಊರಿನ ನಡುವೆ ಹಾದುಹೋಗುವ ಬಿ.ಎಚ್. ರಸ್ತೆಯ ಹೆಸರನ್ನೇ ನೋಡಿ: ಬೆಂಗಳೂರು–ಹೊನ್ನಾವರ. ಒಂದು ತುದಿಯಲ್ಲಿ ರಾಜಧಾನಿ, ಇನ್ನೊಂದು ತುದಿಯಲ್ಲಿ ಕಡಲು, ನಡುವೆ ಘಾಟಿ.

ಈ ಭಾಗದಲ್ಲಿ ಲಾರಿ ಓಡಿಸಲು ಕಲಿತವರಲ್ಲಿ ಬಹುಪಾಲು ಜನ ಮೊದಲು ಕ್ಲೀನರ್ ಆಗಿದ್ದವರು. ಹಳೆಯ ಡ್ರೈವರ್ ಪಕ್ಕದಲ್ಲಿ ಕೂತು, ಅವರು ಹೇಳಿದ್ದನ್ನು ಕೇಳಿ, ಮಾಡಿದ್ದನ್ನು ನೋಡಿ ಕಲಿತದ್ದು. ಇಂಥ ಕಲಿಕೆಯಲ್ಲಿ ಯಾವ ಪುಸ್ತಕದಲ್ಲೂ ಸಿಗದ ಜಾಣತನ ಇರುತ್ತದೆ. ಅದರ ಜೊತೆಗೇ ಕೆಲವು ತಪ್ಪು ನಂಬಿಕೆಗಳೂ ಸೇರಿಕೊಂಡು ತಲೆಮಾರಿನಿಂದ ತಲೆಮಾರಿಗೆ ದಾಟುತ್ತವೆ. ಆರ್‌ಟಿಓ ಪರೀಕ್ಷೆ ಇವನ್ನು ಹಿಡಿಯುವುದಿಲ್ಲ. ಅಲ್ಲಿ ಲಾರಿ ಖಾಲಿ, ಸಮಯ ಹಗಲು, ಡ್ರೈವರ್ ರಾತ್ರಿ ನಿದ್ದೆ ಮಾಡಿ ಬಂದವನು. ಇಪ್ಪತ್ತೈದು ಟನ್ನು ಹೊತ್ತು, ಬೆಳಗಿನ ಜಾವ ಮೂರು ಗಂಟೆಗೆ, ಮಳೆಯಲ್ಲಿ ಘಾಟಿ ಇಳಿಯುವುದು ಬೇರೆಯೇ ಕೆಲಸ. ಆ ಕೆಲಸಕ್ಕೆ ಸಂಬಂಧಿಸಿದ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸೋಣ. ಅದಕ್ಕೂ ಮೊದಲು ಲೈಸೆನ್ಸಿನ ಬಗ್ಗೆ ಇರುವ ಗೊಂದಲಗಳನ್ನು ಬಗೆಹರಿಸಿಕೊಳ್ಳೋಣ.

ಎಂಟನೇ ಕ್ಲಾಸ್ ಪಾಸಾಗಿರಲೇಬೇಕೇ?

ಬೇಕಿಲ್ಲ. ಸಾರಿಗೆ ವಾಹನ ಓಡಿಸುವವರಿಗೆ ಎಂಟನೇ ತರಗತಿ ಪಾಸಾಗಿರಬೇಕು ಎಂಬ ನಿಯಮ ಮೊದಲು ಇತ್ತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ತೆಗೆದುಹಾಕಿತು. ಈಗಲೂ ಇದೇ ಕಾರಣ ಹೇಳಿ ಹೆಚ್ಚು ದುಡ್ಡು ಕೇಳುವ ಮಧ್ಯವರ್ತಿ ಸಿಕ್ಕರೆ ನಂಬಬೇಡಿ. ಓದು ಬರಹ ಬೇಡವೇ ಬೇಡ ಎಂದು ಇದರ ಅರ್ಥವಲ್ಲ. ರಸ್ತೆ ಫಲಕ ಓದಲಾಗದವರಿಗೆ ಲಾರಿ ಕೊಡುವುದು ಅಪಾಯವೇ. ಹಾಗಾಗಿಯೇ ಡ್ರೈವಿಂಗ್ ಶಾಲೆಯ ತರಬೇತಿಗೆ ನಿಯಮದಲ್ಲಿ ಒತ್ತು ಕೊಡಲಾಗಿದೆ.

ವಯಸ್ಸು 20 ತುಂಬಿರಬೇಕು. ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು. ಆಮೇಲೆಯೇ ಸಾರಿಗೆ ವಾಹನದ ಎಲ್‌ಎಲ್‌ಆರ್ ಸಿಗುವುದು. ವೈದ್ಯರು ಪರೀಕ್ಷಿಸಿ ಕೊಡುವ ಫಾರಂ 1-ಎ, ಡ್ರೈವಿಂಗ್ ಶಾಲೆ ಕೊಡುವ ಫಾರಂ 5 ಬೇಕು. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕ 30 ದಿನದ ನಂತರ ಚಾಲನಾ ಪರೀಕ್ಷೆಗೆ ಹೋಗಬಹುದು. ಫಾರಂ 1-ಎಯನ್ನು ಪರೀಕ್ಷೆ ಮಾಡದೆಯೇ ಸಹಿ ಹಾಕಿಸಿಕೊಳ್ಳುವ ರೂಢಿ ಎಲ್ಲರಿಗೂ ಗೊತ್ತಿರುವಂಥದ್ದೇ. ಇದರಲ್ಲಿ ಮೋಸ ಹೋಗುವುದು ಅರ್ಜಿದಾರನೇ. ತನ್ನ ಕಣ್ಣಿಗೆ ದೂರದ ವಸ್ತು ಮಸುಕಾಗಿ ಕಾಣುತ್ತಿದೆ ಎಂಬುದು ಎಷ್ಟೋ ಜನರಿಗೆ ಪರೀಕ್ಷೆ ಮಾಡಿಸುವವರೆಗೂ ತಿಳಿಯುವುದಿಲ್ಲ.

ಹಳದಿ ಬೋರ್ಡಿನ ಯಾವುದೇ ಗಾಡಿಗೂ ಬ್ಯಾಡ್ಜ್ ಬೇಕೇ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಬಗೆಹರಿಸಿದೆ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಪ್ರತ್ಯೇಕ ಅನುಮತಿ ಇಲ್ಲದೆ ಓಡಿಸಬಹುದು. ಸಣ್ಣ ಗೂಡ್ಸ್ ಗಾಡಿಯವರಿಗೆ ಇದರಿಂದ ನಿರಾಳ. ಆರು ಚಕ್ರ, ಹತ್ತು ಚಕ್ರದ ಲಾರಿಗಳಿಗೆ ಮಾತ್ರ ಜನ ‘ಹೆವಿ’ ಎಂದು ಕರೆಯುವ ಸಾರಿಗೆ ಲೈಸೆನ್ಸ್ ಬೇಕೇ ಬೇಕು. ಅದರ ಅವಧಿ ಈಗ ಐದು ವರ್ಷ. ಅವಧಿ ಮುಗಿದ ಮೇಲೂ 30 ದಿನ ನಡೆಯುತ್ತದೆ ಎಂಬುದು ಹಳೆಯ ಮಾತು. 2019ರ ತಿದ್ದುಪಡಿ ಆ ರಿಯಾಯಿತಿಯನ್ನು ತೆಗೆದಿದೆ.

ನ್ಯೂಟ್ರಲ್ ಎಂಬ ಸುಳ್ಳು ಉಳಿತಾಯ

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಇಳಿಜಾರಿನಲ್ಲಿ ಗಾಡಿ ತಾನಾಗಿಯೇ ಓಡುತ್ತದೆ, ಎಂಜಿನ್ನಿಗೆ ಕೆಲಸವಿಲ್ಲ, ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿ ಕಾಣುತ್ತದೆ. ವಾಸ್ತವ ಇದಕ್ಕೆ ಉಲ್ಟಾ.

ನ್ಯೂಟ್ರಲ್‌ನಲ್ಲಿ ಎಂಜಿನ್ ಆರಿಹೋಗದಂತೆ ತಿರುಗುತ್ತಿರಬೇಕು. ಅದಕ್ಕೆ ಡೀಸೆಲ್ ಬೇಕು. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಎಂಜಿನ್ನನ್ನು ತಿರುಗಿಸುವುದು ಚಕ್ರಗಳು. ಆಗ ಎಂಜಿನ್ನಿಗೆ ಡೀಸೆಲ್ಲಿನ ಅಗತ್ಯವೇ ಇಲ್ಲ. ಇವತ್ತಿನ ಬಿಎಸ್-4, ಬಿಎಸ್-6 ಲಾರಿಗಳಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆ ಇದನ್ನು ಗುರುತಿಸಿ ಡೀಸೆಲ್ ಪೂರೈಕೆಯನ್ನೇ ನಿಲ್ಲಿಸುತ್ತದೆ. ಹಳೆಯ ಪಂಪಿನ ಲಾರಿಗಳಲ್ಲೂ ಗವರ್ನರ್ ಬಹುಮಟ್ಟಿಗೆ ಇದೇ ಕೆಲಸ ಮಾಡುತ್ತಿತ್ತು. ಅಂದರೆ ಘಾಟಿಯಲ್ಲಿ ಡೀಸೆಲ್ ಉಳಿಸುವ ದಾರಿ ಗೇರಿನಲ್ಲಿ ಇಳಿಯುವುದು.

ದುಡ್ಡಿನ ಲೆಕ್ಕ ಇಷ್ಟು. ಜೀವದ ಲೆಕ್ಕ ಇದಕ್ಕಿಂತ ದೊಡ್ಡದು. 25 ಟನ್ ತೂಕದ ಲಾರಿ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಅದರಲ್ಲಿದ್ದ ಶಕ್ತಿ ಎಲ್ಲಾದರೂ ಹೋಗಬೇಕಲ್ಲ? ಅದು ಬಿಸಿಯಾಗುತ್ತದೆ. ಎಷ್ಟು ಬಿಸಿ ಎಂದರೆ, ಸುಮಾರು 390 ಲೀಟರ್ ತಣ್ಣೀರನ್ನು, ಹೆಚ್ಚುಕಡಿಮೆ ಎರಡು ದೊಡ್ಡ ಪೀಪಾಯಿ ನೀರನ್ನು, ಕುದಿಸಲು ಸಾಕಾಗುವಷ್ಟು. ಇಳಿಯಲು ಇಪ್ಪತ್ತು ನಿಮಿಷ ಹಿಡಿದರೆ, ಐವತ್ತು ಗೀಸರ್‌ಗಳು ಒಟ್ಟಿಗೆ ಉರಿದ ಹಾಗೆ. ಗೇರಿನಲ್ಲಿದ್ದರೆ ಇದರ ದೊಡ್ಡ ಪಾಲನ್ನು ಎಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ ಹೊರುತ್ತವೆ. ಬಿಸಿಯಾದ ಗಾಳಿ ಸೈಲೆನ್ಸರ್‌ನಲ್ಲಿ, ರೇಡಿಯೇಟರ್‌ನಲ್ಲಿ ಹೊರಹೋಗುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಗಾಳಿ ಮತ್ತು ಟೈರಿನ ಪ್ರತಿರೋಧ ಬಿಟ್ಟು ಉಳಿದದ್ದೆಲ್ಲ ಬ್ರೇಕ್ ಡ್ರಮ್ಮಿನ ಮೇಲೆಯೇ.

ಕಾದ ಡ್ರಮ್ ಹಿಗ್ಗುತ್ತದೆ. ಒಳಗಿನ ಲೈನರ್ ಅದನ್ನು ಮುಟ್ಟಲು ಇನ್ನಷ್ಟು ದೂರ ಹೋಗಬೇಕಾಗುತ್ತದೆ. ಅದನ್ನು ತಳ್ಳುವ ರಾಡಿನ ಓಟಕ್ಕೆ ಒಂದು ಮಿತಿ ಇದೆ. ಲೈನರ್ ಕೂಡ ಕಾದಂತೆಲ್ಲ ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ‘ಬ್ರೇಕ್ ಫೇಲ್’ ಎಂದು ಮರುದಿನ ಸುದ್ದಿಯಾಗುವ ಎಷ್ಟೋ ಘಟನೆಗಳಲ್ಲಿ ಬ್ರೇಕಿನ ಯಾವ ಭಾಗವೂ ಮುರಿದಿರುವುದಿಲ್ಲ, ಕಾದಿರುತ್ತದೆ ಅಷ್ಟೆ. ತಣಿದ ಮೇಲೆ ಪರೀಕ್ಷಿಸಿದರೆ ಅದೇ ಬ್ರೇಕು ಕೆಲಸ ಮಾಡುತ್ತದೆ.

ಎಂಜಿನ್ನನ್ನೇ ಆಫ್ ಮಾಡಿ ಇಳಿಸುವವರದು ಇನ್ನೂ ದೊಡ್ಡ ಸಾಹಸ. ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಎಂಜಿನ್ನಿನಿಂದಲೇ ನಡೆಯುವುದು, ಪವರ್ ಸ್ಟಿಯರಿಂಗ್ ಕೂಡ. ಎಂಜಿನ್ ನಿಂತರೆ ಟ್ಯಾಂಕಿನಲ್ಲಿ ಉಳಿದಿರುವ ಗಾಳಿಯೇ ಗತಿ. ಪ್ರತಿ ಬಾರಿ ಪೆಡಲ್ ತುಳಿದಾಗಲೂ ಅದು ಕಡಿಮೆಯಾಗುತ್ತದೆ. ಸ್ಟಿಯರಿಂಗ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗಾಳಿಯ ಮೀಟರಿನ ಮುಳ್ಳು ಕೆಂಪು ಗುರುತಿನಲ್ಲಿದ್ದರೆ ಗಾಡಿ ಹೊರಡಿಸಲೇಬಾರದು ಎಂದು ಹಳಬರು ಹೇಳುವುದು ಇದಕ್ಕೇ. ಈ ಮಾತು ನೂರಕ್ಕೆ ನೂರು ಸರಿ.

‘ಹತ್ತಿದ ಗೇರಿನಲ್ಲೇ ಇಳಿ’ ಎಂಬ ಹಳಬರ ಇನ್ನೊಂದು ಮಾತೂ ಸರಿ. ಈಗಿನ ಎಂಜಿನ್‌ಗಳಿಗೆ ಶಕ್ತಿ ಹೆಚ್ಚು, ಏರನ್ನು ಮೇಲಿನ ಗೇರಿನಲ್ಲೇ ಹತ್ತಿಬಿಡುತ್ತವೆ. ಹಾಗಾಗಿ ಇಳಿಯುವಾಗ ಅದಕ್ಕಿಂತ ಒಂದು ಗೇರು ಕಡಿಮೆ ಇಟ್ಟುಕೊಳ್ಳುವುದು ಒಳ್ಳೆಯದು. ಗೇರು ಇಳಿಸಬೇಕಾದದ್ದು ಇಳಿಜಾರು ಶುರುವಾಗುವ ಮೊದಲು. ನಡುವೆ ಇಳಿಸಲು ಹೋಗಿ ಗೇರು ಬೀಳದೆ ನ್ಯೂಟ್ರಲ್‌ನಲ್ಲೇ ಉಳಿದುಹೋದರೆ ಲಾರಿ ಕೈ ಮೀರುತ್ತದೆ. ಬ್ರೇಕನ್ನು ಸದಾ ಮೆಲ್ಲಗೆ ಒತ್ತಿ ಹಿಡಿಯುವುದಕ್ಕಿಂತ, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡುವುದು ಮೇಲು. ಬಿಟ್ಟ ಹೊತ್ತಿನಲ್ಲಿ ಡ್ರಮ್ಮಿಗೆ ತಣಿಯಲು ಸ್ವಲ್ಪ ಬಿಡುವು ಸಿಗುತ್ತದೆ.

ಮಲೆನಾಡಿನಿಂದ ಕರಾವಳಿಗೆ ಇಳಿಯುವವರಿಗೆ ಈ ಪಾಠ ದಿನನಿತ್ಯದ್ದು. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವಿದೆ. ಲಾರಿಗಳು ಕುಂದಾಪುರದ ಕಡೆ ಹುಲಿಕಲ್ಲಿನ ಬಾಳೆಬರೆ ಘಾಟಿಯಲ್ಲೋ, ಹೊನ್ನಾವರದ ಕಡೆ ಗೇರುಸೊಪ್ಪೆ ಘಾಟಿಯಲ್ಲೋ ಇಳಿಯುತ್ತವೆ. ಎರಡು ವಾಹನ ಹಾಯಲು ಜಾಗವಿಲ್ಲದ ಕಡೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಇದು ಬರೀ ಸೌಜನ್ಯವಲ್ಲ, ರಸ್ತೆ ನಿಯಮ. ಲೋಡು ಹೊತ್ತು ಏರಿನಲ್ಲಿ ನಿಂತ ಲಾರಿಯನ್ನು ಮತ್ತೆ ಎಬ್ಬಿಸುವ ಕಷ್ಟ ಓಡಿಸಿದವರಿಗೇ ಗೊತ್ತು.

ಬೀಡಿ, ಚಹಾ, ಹಾಡು: ನಿದ್ದೆ ಓಡುತ್ತದೆಯೇ?

ನಿದ್ದೆ ಬಂದರೆ ಮುಖಕ್ಕೆ ನೀರು ಹಾಕು, ಕಿಟಕಿ ತೆರೆ, ಬೀಡಿ ಹಚ್ಚು, ಗುಟ್ಕಾ ಹಾಕು, ಹಾಡು ಜೋರು ಮಾಡು. ಈ ಪಟ್ಟಿ ಯಾರಿಗೆ ಗೊತ್ತಿಲ್ಲ? ಇವು ಕೆಲವು ನಿಮಿಷ ಎಚ್ಚರ ಆದಂತೆ ಅನ್ನಿಸುವ ಹಾಗೆ ಮಾಡುತ್ತವೆ. ನಿದ್ದೆಯ ಸಾಲ ಹಾಗೆಯೇ ಉಳಿದಿರುತ್ತದೆ. ಆ ಸಾಲ ತೀರುವುದು ನಿದ್ದೆಯಿಂದ ಮಾತ್ರ.

ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯ ಇರುವವರಷ್ಟು ಕುಗ್ಗುತ್ತದೆ. 24 ಗಂಟೆಯಾದರೆ ಅದು 100 ಮಿಲಿಗ್ರಾಂಗೆ ಸಮ. ನಮ್ಮ ದೇಶದಲ್ಲಿ ಕಾನೂನಿನ ಮಿತಿ 30 ಮಿಲಿಗ್ರಾಂ. ಅಂದರೆ ಬೆಳಿಗ್ಗೆ ಆರಕ್ಕೆ ಎದ್ದು, ಹಗಲೆಲ್ಲ ಲೋಡಿಂಗಿಗೆ ಕಾದು, ರಾತ್ರಿ ಹನ್ನೊಂದಕ್ಕೆ ಮಾಚೇನಹಳ್ಳಿಯಿಂದ ಹೊರಟ ಡ್ರೈವರ್ ಒಂದು ತೊಟ್ಟು ಕುಡಿಯದಿದ್ದರೂ ಕುಡಿದವನ ಸ್ಥಿತಿಯಲ್ಲಿ ಸ್ಟಿಯರಿಂಗ್ ಹಿಡಿದಿರುತ್ತಾನೆ. ಪೊಲೀಸರು ಊದಿಸಿದರೆ ಮೀಟರು ಸೊನ್ನೆ ತೋರಿಸುತ್ತದೆ. ಲೋಡಿಂಗ್ ಕಾಯುವ ಹೊತ್ತು ಡ್ಯೂಟಿ ಅಲ್ಲ ಎಂದು ಮಾಲೀಕರು ಭಾವಿಸುವುದುಂಟು. ಮೈಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬೆಳಗಿನ ಜಾವ ಎರಡರಿಂದ ಆರರ ನಡುವೆ ದೇಹದ ಒಳಗಡಿಯಾರವೇ ನಿದ್ದೆಗೆ ಎಳೆಯುತ್ತದೆ. ಎಷ್ಟೇ ಅನುಭವಿಯಾದರೂ ಇದರಿಂದ ವಿನಾಯಿತಿ ಇಲ್ಲ. ಕಣ್ಣು ತೆರೆದೇ ಇದ್ದರೂ ಮಿದುಳು ಮೂರ್ನಾಲ್ಕು ಸೆಕೆಂಡು ಮಲಗಿಬಿಡುವುದುಂಟು. ಗಂಟೆಗೆ 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡಿಗೆ ಲಾರಿ 67 ಮೀಟರ್ ಹೋಗಿರುತ್ತದೆ. ಕಳೆದ ಒಂದೆರಡು ಕಿಲೋಮೀಟರ್ ಹೇಗೆ ಬಂದೆ ಎಂದು ನೆನಪಾಗದಿದ್ದರೆ, ಪದೇಪದೇ ಆಕಳಿಕೆ ಬಂದರೆ, ಗಾಡಿ ಬಿಳಿಗೆರೆಯ ಕಡೆ ಜಾರುತ್ತಿದ್ದರೆ ಆಗಲೇ ತಡವಾಗಿದೆ ಎಂದರ್ಥ.

ಚಹಾ ಕಾಫಿಗಳಿಗೆ ಪೂರ್ತಿ ಕೆಲಸವೇ ಇಲ್ಲವೆಂದಲ್ಲ. ಕೆಫೀನ್ ಮೈಗೆ ಹತ್ತಲು ಸುಮಾರು ಅರ್ಧ ಗಂಟೆ ಬೇಕು. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಸ್ಟ್ರಾಂಗ್ ಕಾಫಿ ಕುಡಿದು, ಅಲಾರಾಂ ಇಟ್ಟು ಇಪ್ಪತ್ತು ನಿಮಿಷ ಮಲಗಿದರೆ ಏಳುವ ಹೊತ್ತಿಗೆ ನಿದ್ದೆ ಮತ್ತು ಕಾಫಿ ಎರಡರ ಲಾಭವೂ ಸಿಗುತ್ತದೆ. ಇದು ಒಂದೆರಡು ಗಂಟೆಯ ಉಪಾಯ, ರಾತ್ರಿಯ ನಿದ್ದೆಗೆ ಬದಲಿ ಅಲ್ಲ. ಎಚ್ಚರವಿರಲು ಕೆಲವರು ನುಂಗುವ ಮಾತ್ರೆಗಳ ವಿಷಯ ಬೇರೆ. ಪರಿಣಾಮ ಇಳಿದ ಕೂಡಲೇ ಅವು ಒಮ್ಮೆಲೇ ಕೆಡವುತ್ತವೆ. ಮನೆಯಲ್ಲಿ ಜೋರು ಗೊರಕೆ, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ ಇದ್ದರೆ ಅದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ, ವೈದ್ಯರಿಗೆ ತೋರಿಸಬೇಕು.

ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿದ್ದು 1961ರಲ್ಲಿ. ಹೆದ್ದಾರಿಯ ಮೇಲೆ ಅದನ್ನು ಕಂಡವರು ಕಡಿಮೆ.

ಬೇಸಿಗೆಯಲ್ಲಿ ಟೈರಿಗೆ ಗಾಳಿ ಕಡಿಮೆ ಹಾಕಬೇಕೇ?

ಬಿಸಿಲಿಗೆ ಗಾಳಿ ಹಿಗ್ಗಿ ಟೈರು ಸಿಡಿಯುತ್ತದೆ, ಅದಕ್ಕೇ ನಾಲ್ಕು ಪಾಯಿಂಟ್ ಕಡಿಮೆ ಹಾಕಬೇಕು ಎಂಬ ಸಲಹೆ ಪಂಕ್ಚರ್ ಅಂಗಡಿಗಳಲ್ಲೂ ಸಿಗುತ್ತದೆ. ಕಂಪನಿ ಹೇಳಿದ ಒತ್ತಡದಲ್ಲೇ ಈ ಹಿಗ್ಗುವಿಕೆಯ ಲೆಕ್ಕ ಸೇರಿದೆ. ಗಾಳಿ ಕಡಿಮೆಯಾದರೆ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿದರೆ ಬಿಸಿಯಾಗುತ್ತದಲ್ಲ, ಹಾಗೆ ಟೈರೂ ಕಾಯುತ್ತದೆ. ಟೈರು ಸಿಡಿಯುವುದು ಬಹುಮಟ್ಟಿಗೆ ಈ ಬಿಸಿಯಿಂದ. ಗಾಳಿ ನೋಡಬೇಕಾದದ್ದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಓಡಿ ಬಂದ ಕಾದ ಟೈರಿನಿಂದ ಗಾಳಿ ಬಿಡಬೇಡಿ.

ಇದರ ಜೊತೆ ಓವರ್‌ಲೋಡ್ ಸೇರಿದರೆ ಬಿಸಿ ಇನ್ನೂ ಏರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ಒಟ್ಟು ತೂಕದ ಮಿತಿಯನ್ನು ಹೆಚ್ಚಿಸಿತು. ಹತ್ತು ಚಕ್ರದ ಲಾರಿಯ ಮಿತಿ 25 ಟನ್ನಿನಿಂದ 28.5 ಟನ್ನಿಗೆ ಏರಿತು. ಆದರೆ ಹಳೆಯ ಗಾಡಿಯ ಬ್ರೇಕು, ಆಕ್ಸಲ್ಲುಗಳು ಆ ಆದೇಶದಿಂದ ಗಟ್ಟಿಯಾಗಲಿಲ್ಲ. ನಿಮ್ಮ ಗಾಡಿಯ ಆರ್‌ಸಿಯಲ್ಲಿ ಬರೆದಿರುವ ತೂಕವೇ ನಿಮ್ಮ ಮಿತಿ. ಮೀರಿದರೆ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಹೆಚ್ಚುವರಿ ಟನ್ನಿಗೆ 2,000ದಂತೆ ಮತ್ತಷ್ಟು.

ಊರೊಳಗೆ, ರಸ್ತೆ ಬದಿಯಲ್ಲಿ

ಕೂತ ಜಾಗ ಎತ್ತರವಾದ್ದರಿಂದ ಲಾರಿ ಡ್ರೈವರಿಗೆ ಎಲ್ಲ ಕಾಣುತ್ತದೆ ಎಂದು ಬೈಕಿನವರು ನಂಬುತ್ತಾರೆ. ಕ್ಯಾಬಿನ್ನಿನ ಎಡಬಾಗಿಲ ಪಕ್ಕ, ಬಂಪರಿನ ಮುಂದಿನ ಒಂದೆರಡು ಮೀಟರ್, ಬಾಡಿಯ ನೇರ ಹಿಂದೆ ಇರುವುದು ಡ್ರೈವರಿಗೆ ಕಾಣುವುದೇ ಇಲ್ಲ. ಎಡಕ್ಕೆ ತಿರುಗುವಾಗ ಹಿಂದಿನ ಚಕ್ರಗಳು ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕಡಿದುಕೊಂಡು ಬರುತ್ತವೆ. ಲಾರಿ ಉದ್ದವಾದಷ್ಟೂ ಈ ಕಡಿತ ಹೆಚ್ಚು. ಭದ್ರಾವತಿಯ ಸರ್ಕಲ್ಲಿನಲ್ಲಿ ಲಾರಿಯ ಎಡಗಡೆ ನುಗ್ಗಿ ನಿಂತ ಸೈಕಲ್ಲಿನ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿರಬೇಕಾದವರು ಡ್ರೈವರ್. ತಿರುಗುವ ಮೊದಲು ಎಡಗನ್ನಡಿ, ತಿರುಗುತ್ತಿರುವಾಗ ಮತ್ತೊಮ್ಮೆ ಎಡಗನ್ನಡಿ.

ಲೋಡಾದ ಲಾರಿ 60 ಕಿ.ಮೀ. ವೇಗದಿಂದ ನಿಲ್ಲಲು, ಡ್ರೈವರ್ ಅಪಾಯ ಕಂಡು ಕಾಲಿಡುವ ಒಂದೂವರೆ ಸೆಕೆಂಡೂ ಸೇರಿ, ಒಣ ರಸ್ತೆಯಲ್ಲೇ ಸುಮಾರು 60 ಮೀಟರ್ ಬೇಕು. 80ರಲ್ಲಿ ಸುಮಾರು 95 ಮೀಟರ್. ಖಾಲಿ ಲಾರಿ ಬೇಗ ನಿಲ್ಲುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಎಬಿಎಸ್ ಇಲ್ಲದ ಹಳೆಯ ಲಾರಿಯಲ್ಲಿ ಭಾರವಿಲ್ಲದ ಹಿಂದಿನ ಚಕ್ರಗಳು ಲಾಕ್ ಆಗಿ, ಮಳೆಯಲ್ಲಿ ಬಾಡಿ ಅಡ್ಡ ತಿರುಗುತ್ತದೆ.

ಕೆಟ್ಟು ನಿಂತ ಲಾರಿಯ ಹಿಂದೆ ನಾಲ್ಕು ಕಲ್ಲು, ಒಂದಿಷ್ಟು ಸೊಪ್ಪು ಇಡುವುದು ನಮ್ಮ ಕಡೆಯ ರೂಢಿ. ರಾತ್ರಿ ಬೈಕಿನವರಿಗೆ ಸೊಪ್ಪು ಕಾಣುವುದಿಲ್ಲ, ಕಂಡಾಗ ತಪ್ಪಿಸಲು ಸಮಯವಿರುವುದಿಲ್ಲ. ಲಾರಿ ಹೋದ ಮೇಲೂ ಕಲ್ಲು ಅಲ್ಲೇ ಉಳಿದು ಇನ್ನೊಬ್ಬರನ್ನು ಬೀಳಿಸುತ್ತದೆ. ಗಾಡಿಯಲ್ಲಿ ಹೊಳೆಯುವ ತ್ರಿಕೋನ ಇಟ್ಟುಕೊಂಡಿರಬೇಕು. ಅದನ್ನು ಲಾರಿಗೆ ಅಂಟಿಸಿದ ಹಾಗೆ ಇಡದೆ ಸಾಕಷ್ಟು ಹಿಂದೆ ಇಡಬೇಕು. ಎಷ್ಟು ಹಿಂದೆ? ಮೇಲಿನ 60, 95 ಮೀಟರಿನ ಲೆಕ್ಕವನ್ನೇ ನೆನಪಿಟ್ಟುಕೊಳ್ಳಿ.

ಅಪಘಾತವಾದರೆ ಓಡಿಹೋಗುವುದೇ ಜಾಣತನವೇ?

‘ನಿಂತರೆ ಜನ ಹೊಡೆದು ಹಾಕುತ್ತಾರೆ, ಓಡಿಬಿಡು’ ಎಂಬುದು ಭಯದಿಂದ ಹುಟ್ಟಿದ ಸಲಹೆ. ಆ ಭಯ ಸುಳ್ಳಲ್ಲ. ಕಾನೂನಿಗೂ ಅದು ಗೊತ್ತಿದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಚಾಲಕನ ಹೊಣೆ ಎನ್ನುತ್ತದೆ, ಜನರ ಆಕ್ರೋಶದಿಂದ ಅದು ಸಾಧ್ಯವಾಗದ ಸಂದರ್ಭಕ್ಕೆ ವಿನಾಯಿತಿಯನ್ನೂ ಕೊಡುತ್ತದೆ. ಜೀವ ಉಳಿಸಿಕೊಳ್ಳಲು ಸ್ಥಳದಿಂದ ಸರಿಯುವುದು ಬೇರೆ, ತಲೆಮರೆಸಿಕೊಳ್ಳುವುದು ಬೇರೆ. ಸರಿದವರು ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. 112ಕ್ಕೆ ಫೋನ್ ಮಾಡಿ ಸ್ಥಳ ಹೇಳಲು ಅರ್ಧ ನಿಮಿಷ ಸಾಕು, ಆ ಅರ್ಧ ನಿಮಿಷದಲ್ಲಿ ಒಂದು ಜೀವ ಉಳಿಯಬಹುದು. ವರದಿ ಮಾಡದೆ ಓಡಿದವರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎನ್ನುವ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ ವಿರುದ್ಧ 2024ರ ಜನವರಿಯಲ್ಲಿ ದೇಶದ ಹಲವೆಡೆ ಲಾರಿ ಮುಷ್ಕರ ನಡೆದದ್ದು ನೆನಪಿರಬಹುದು. ಆ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪಕಲಂ ಅನ್ನು ತಡೆಹಿಡಿಯಲಾಯಿತು. 134ನೇ ಕಲಂ ಆಗಲೂ ಹಾಗೆಯೇ ಉಳಿಯಿತು.

ಅಪಾಯಕಾರಿ ಸರಕು ಹೊರುವವರಿಗೆ ಇನ್ನೊಂದು ಮಾತಿದೆ. 2021ರ ಜನವರಿ 21ರ ರಾತ್ರಿ ಶಿವಮೊಗ್ಗ ಪಕ್ಕದ ಹುಣಸೋಡಿನಲ್ಲಿ ಕ್ವಾರಿಗೆ ತಂದಿದ್ದ ಸ್ಫೋಟಕ ಸಿಡಿದು ಕನಿಷ್ಠ ಐವರು ಸತ್ತರು. ಭೂಕಂಪವಾಯಿತೆಂದು ಜನ ಮನೆಯಿಂದ ಹೊರಗೋಡಿ ಬಂದರು. ಪೆಟ್ರೋಲ್, ಗ್ಯಾಸ್, ಆಸಿಡ್, ಸ್ಫೋಟಕಗಳ ಗಾಡಿ ಓಡಿಸಲು ಸಾಮಾನ್ಯ ಹೆವಿ ಲೈಸೆನ್ಸ್ ಸಾಲದು. ಮೂರು ದಿನದ ಪ್ರತ್ಯೇಕ ತರಬೇತಿ ಮುಗಿಸಿ, ಅದರ ಪ್ರಮಾಣಪತ್ರ ಪಡೆದು, ಲೈಸೆನ್ಸಿನಲ್ಲಿ ನಮೂದು ಮಾಡಿಸಬೇಕು. ಈ ಲೈಸೆನ್ಸಿನ ಅವಧಿ ಐದಲ್ಲ, ಮೂರು ವರ್ಷ. ನವೀಕರಣಕ್ಕೆ ಮತ್ತೆ ತರಬೇತಿ. ಇಲ್ಲಿ ಮಾತ್ರ ಓದು ಬರಹದ ನಿಯಮ ಗಟ್ಟಿಯಾಗಿದೆ: ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಿ ಬರೆಯಲು ಬರಬೇಕು. ಟ್ಯಾಂಕರಿನ ಮೇಲಿನ ಎಚ್ಚರಿಕೆ ಫಲಕವನ್ನು ಮೊದಲು ಓದಬೇಕಾದವರು ಡ್ರೈವರೇ ತಾನೆ? ಬಾಡಿಗೆ ಕೊಟ್ಟವರು ಒಳಗೇನಿದೆ ಎಂದು ಹೇಳದಿದ್ದರೆ, ಸರಕಿನ ಕಾಗದ ಕೈಗೆ ಕೊಡದಿದ್ದರೆ ಗಾಡಿ ಹೊರಡಿಸಬೇಡಿ.